ಅವ್ವ ಉಣ್ಣದೆ ಬಂದ ಮದುವೆಗಳು

ಹೋದ ತಿಂಗಳು ಆಲೂರಿನ ಕಲ್ಯಾಣ ಮಂಟಪವೊಂದರಲ್ಲಿ ನೆಂಟರ ಮದುವೆಯಿತ್ತು. ಮದುವೆಗೆ ಹೋದರೆ ನಾನು ಮೊದಲು ನೋಡುವುದು ಗಂಡು ಹೆಣ್ಣನ್ನಲ್ಲ, ಹಿಂದುಗಡೆಯ ಅಡುಗೆಮನೆಯನ್ನು. ಅದೊಂದು ಹಳೇ ಚಾಳಿ. ಈಗ ಅಲ್ಲಿ ನೋಡುವಂಥದ್ದೇನೂ ಇರುವುದಿಲ್ಲ. ಗ್ಯಾಸ್ ಒಲೆ, ಫಳಫಳ ಹೊಳೆಯುವ ಸ್ಟೀಲು, ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡ ಅಡುಗೆಯವರು. ಆದರೆ ಅವತ್ತು ಹಿಂಬಾಗಿಲ ಹೊರಗೆ, ನಲ್ಲಿಕಟ್ಟೆಯ ಪಕ್ಕ, ಒಬ್ಬ ಹೆಂಗಸು ಹಳೇ ತಾಮ್ರದ ಕೊಪ್ಪರಿಗೆಯೊಂದನ್ನು ಬೋರಲು ಹಾಕಿಕೊಂಡು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಹುಳಿ, ಬೂದಿ, ಒದ್ದೆ ತಾಮ್ರ, ಇವು ಮೂರೂ ಸೇರಿದ ವಾಸನೆ. ಕೇಟರಿಂಗಿನವನು ಬಂದು, "ಏನ್ ಬೇಕಿತ್ತು ಸಾರ್? ಊಟಕ್ಕಿನ್ನೂ ಅರ್ಧ ಗಂಟೆ ಇದೆ" ಅಂದ. ಹಸಿದುಕೊಂಡು ಬಂದಿದ್ದೇನೆ ಅಂದುಕೊಂಡನೇನೋ. ಹಸಿವೂ ಇತ್ತು, ಅದನ್ನು ಇಲ್ಲ ಅನ್ನುವುದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ಆಗ ಹೆಗ್ಗದ್ದೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಏನು ಬರೆಯುತ್ತಿದ್ದೆ ಅಂದರೆ ಆಳುಗಳ ಹಾಜರಿ. ಬೆಳಿಗ್ಗೆ ಮಸ್ಟರು ಕೂಗುವುದು, ಲೈನ್ ಮನೆಗಳಲ್ಲಿದ್ದ ಆಳುಗಳನ್ನು ಕೆಲಸಕ್ಕೆ ಹಂಚುವುದು, ಕೊಯ್ಲಿನಲ್ಲಿ ಹಣ್ಣು ತೂಗಿಸುವುದು, ಸ್ಟೋರಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು. ಮನೆ ಇದ್ದದ್ದು ಆನೇಮಹಲ್ ಕಡೆ, ಹೆದ್ದಾರಿಯಿಂದ ಒಳಗೆ ಇಳಿದರೆ ಸಿಗುವ ನಮ್ಮ ಸಣ್ಣ ಊರಿನಲ್ಲಿ. ದಿನಾ ಮೊಪೆಡ್ಡಿನಲ್ಲಿ ಹೋಗಿ ಬರುತ್ತಿದ್ದೆ. ಸಂಬಳ ಊಟಕ್ಕೆ ಸಾಕಾಗುತ್ತಿತ್ತು, ಆಸೆಗೆ ಸಾಕಾಗುತ್ತಿರಲಿಲ್ಲ.

ಕಾಫಿಗೆ ಒಳ್ಳೇ ರೇಟು ಬಂದಿದ್ದ ಕಾಲ. ಎರಡೆಕರೆ ಮೂರೆಕರೆ ಇಟ್ಟುಕೊಂಡವರೂ ಬೆಳೆದದ್ದನ್ನು ತಾವೇ ಮಾರಿ ಕೈಯಲ್ಲಿ ಕಾಸು ಕಂಡಿದ್ದರು. ಕಾಸು ಕಂಡ ಮಲೆನಾಡಿನವರು ಮೊದಲು ಮಾಡುವುದು ಮನೆಗೆ ರೆಡ್ ಆಕ್ಸೈಡ್ ನೆಲ, ಎರಡನೆಯದು ಮಗಳ ಮದುವೆ. ಊರಿನವರಿಗೆ, ಹತ್ತಿರದ ನೆಂಟರಿಗೆ ಅಂತ ಮುಗಿಯುತ್ತಿದ್ದ ಮದುವೆಗಳಿಗೆ ಈಗ ಹಾಸನ, ಬೇಲೂರು, ಮೂಡಿಗೆರೆಯಿಂದ ಜೀಪುಗಟ್ಟಲೆ ಜನ. ಊರಲ್ಲಿದ್ದ ಪಾತ್ರೆ ಮಾತ್ರ ಮೊದಲಿನಷ್ಟೇ.

ಪಾತ್ರೆ ಅಂದರೆ ನಮ್ಮೂರಲ್ಲಿ ನಮ್ಮವ್ವ. ಅವಳ ಹೆಸರು ಗೌರಮ್ಮ. ನಮ್ಮ ಅಟ್ಟದ ಮೇಲೆ ಅವ್ವನ ಅತ್ತೆಯ ಕಾಲದ ಎರಡು ತಾಮ್ರದ ಕೊಪ್ಪರಿಗೆಗಳಿದ್ದವು. ಅವಲ್ಲದೆ ಹಿತ್ತಾಳೆ ಹಂಡೆ, ಉದ್ದ ಹಿಡಿಯ ಸೌಟುಗಳು, ದೊಡ್ಡ ದೊಡ್ಡ ತಪ್ಪಲೆಗಳು. ಯಾವ ಜಾತಿಯವರ ಮನೆ ಮದುವೆಯಾಗಲಿ, ಸಿಹಿ ಅಡುಗೆಯಾದರೆ ಮೊದಲು ಎಲೆ ಅಡಿಕೆ ಹಿಡಿದುಕೊಂಡು ಅವ್ವನ ಹತ್ತಿರ ಬರುತ್ತಿದ್ದರು. ಅವ್ವ ಅವರನ್ನು ಕೂರಿಸಿ, ಕಾಫಿ ಕೊಟ್ಟು, ಗಂಡಿನ ಊರು ಯಾವುದು, ಅತ್ತೆ ಹೆಂಗೆ, ನೀರು ದೂರ ಇದೆಯಾ ಹತ್ತಿರ ಇದೆಯಾ ಎಲ್ಲಾ ವಿಚಾರಿಸಿ, ಕೊನೆಗೆ ನನ್ನನ್ನು ಕರೆದು "ಲೇ ಮಲ್ಲೇಶ, ಏಣಿ ಹಾಕ್ಲಾ" ಅನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಅವರು ಅರ್ಧ ದಿನ ಕೂತಿದ್ದರೂ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಆ ವರ್ಷ ಮಾಗಿಯಲ್ಲಿ ನಮ್ಮೂರ ಗೌಡರ ಮನೆ ಹುಡುಗ ಲೋಕೇಶನ ತಂಗಿ ಮದುವೆಯಾಯಿತು. ಲೋಕೇಶ ನನ್ನ ಜೊತೆಗಾರ, ಬಾಡಿಗೆ ಜೀಪು ಓಡಿಸುತ್ತಿದ್ದ. ಅವ್ವನ ಕೊಪ್ಪರಿಗೆ ಎರಡೂ ಅಲ್ಲೇ ಇದ್ದವು, ಆದರೂ ಸಾಲಲಿಲ್ಲ. ಒಂದು ಒಬ್ಬೆ ಅನ್ನ ಬೇಯುವುದಕ್ಕೆ ಕಾದು, ಅದು ಮುಗಿದು, ಇನ್ನೊಂದು ಒಬ್ಬೆಗೆ ಎಸರಿಟ್ಟು, ಎಲೆ ಮುಂದೆ ಕೂತವರು ಉಪ್ಪಿನಕಾಯಿ ನೆಕ್ಕಿಕೊಂಡು ಕೂತೇ ಇದ್ದರು. ನಾನೂ ನೆಕ್ಕುತ್ತಿದ್ದೆ. ಮನೆಗೆ ಬರುವಾಗ ನನ್ನ ಹೆಂಡತಿ ಸುಮಿತ್ರ ದಾರಿಯಲ್ಲಿ ಅಂದಳು: "ರೀ, ಸಕಲೇಶಪುರದಿಂದ ಪಾತ್ರೆ ತರ್ಸಿದ್ರೆ ಜೀಪಿನ ಬಾಡಿಗೆನೇ ಜಾಸ್ತಿ ಆಯ್ತದೆ ಅಂತ ಎಲ್ರೂ ಸುಮ್ನಾಗ್ತಾರೆ. ಅದನ್ನೇ ನಾವು ಇಲ್ಲೇ ಬಾಡಿಗೆಗೆ ಇಟ್ರೆ?"

ನಾನು ನಕ್ಕೆ. ಅವಳು ನಗಲಿಲ್ಲ. ಚೀಟಿ ಎತ್ತಿ ಬಳೆ ಮಾಡಿಸಿಕೊಳ್ಳಬೇಕೆಂದು ಎರಡು ವರ್ಷದಿಂದ ಕಾಯುತ್ತಿದ್ದವಳು, ಆ ದುಡ್ಡು ಬಂದ ವಾರವೇ ನನ್ನನ್ನು ಹಾಸನಕ್ಕೆ ಎಳೆದುಕೊಂಡು ಹೋದಳು. ಪಾತ್ರೆ ಅಂಗಡಿಯಲ್ಲಿ ಕೊಪ್ಪರಿಗೆಯ ತಳ ಬೆರಳಿನಿಂದ ತಟ್ಟಿ, ಸದ್ದು ಕೇಳಿ, "ಇದು ಬ್ಯಾಡ, ಅದು ತೋರ್ಸಿ" ಅನ್ನುತ್ತಿದ್ದಳು. ಇವಳಿಗೆ ಇದೆಲ್ಲ ಯಾವಾಗ ಗೊತ್ತಾಯಿತು ಅಂತ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಕೊಪ್ಪರಿಗೆ, ದಬರಿ, ಬಕೆಟ್ಟು, ಜಮಖಾನ, ಹಳೇ ಶಾಮಿಯಾನ ಒಂದು. ಲೋಕೇಶನ ಜೀಪಿನ ಹಿಂದೆ ಟ್ರೈಲರ್ ಕಟ್ಟಿ ತಂದೆವು. ದಾರಿಯುದ್ದಕ್ಕೂ ಅವು ಗಡಗಡ ಅಂದ ಸದ್ದಿಗೆ ಪಾಳ್ಯದ ನಾಯಿಗಳೆಲ್ಲ ಹಿಂದೆ ಬಿದ್ದವು.

ಸಾಹುಕಾರರಿಗೆ ಹೇಳದೆ ಮಾಡುವಂತಿರಲಿಲ್ಲ. ಎಸ್ಟೇಟಿನ ಬಂಗಲೆ ಮುಂದೆ ಕೈಕಟ್ಟಿ ನಿಂತು ವಿಷಯ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಿ, "ಮಸ್ಟರ್ ಟೈಮಿಗೆ ನೀನು ಇಲ್ಲಿರಬೇಕು ರೈಟ್ರೇ. ಮಿಕ್ಕಿದ ಟೈಮಲ್ಲಿ ಕೊಪ್ಪರಿಗೆ ಹೊತ್ಕೋ, ಬೇಕಾದ್ರೆ ಅದರೊಳಗೆ ಕೂತ್ಕೋ" ಅಂದರು. ಇದಕ್ಕಿಂತ ಒಳ್ಳೇ ಆಶೀರ್ವಾದ ನನಗೆ ಬೇಕಾಗಿರಲಿಲ್ಲ.

ಒಂದು ವಿಷಯದಲ್ಲಿ ಸುಮಿತ್ರ ಮೊದಲೇ ಹಟ ಹಿಡಿದಳು. ನಾವು ಲಿಂಗಾಯತರು, ನಮ್ಮ ಮದುವೆಗಳಿಗೆ ಸಿಹಿಯೂಟ ಬಿಟ್ಟರೆ ಬೇರೆ ಇಲ್ಲ. ಗೌಡರ ಮನೆಗಳಲ್ಲಿ ಧಾರೆ ದಿನ ಸಿಹಿಯೂಟ, ಆಮೇಲೆ ಬೀಗರ ಊಟಕ್ಕೆ ಕುರಿ, ಹಂದಿ ಎರಡೂ ಆಗಬೇಕು. ಆದ್ದರಿಂದ ಎರಡು ಸೆಟ್ಟು ಮಾಡಿದೆವು. ಸಿಹಿಯೂಟದ ಪಾತ್ರೆಗಳ ಕಿವಿಗೆ ಬಿಳೀ ಬಣ್ಣ, ಬಾಡೂಟದವಕ್ಕೆ ಕೆಂಪು. ಕೆಂಪಿನವು ನಮ್ಮ ಮನೆಗೆ ಬರುವಂತೆಯೇ ಇರಲಿಲ್ಲ. ಅವು ಲೋಕೇಶನ ಮನೆ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿದ್ದವು, ತೊಳೆಯುವುದೂ ಅಲ್ಲೇ, ತಿಕ್ಕುವ ನಾರೂ ಬೇರೆ. ಲೋಕೇಶ ಇದಕ್ಕೆ ನನ್ನನ್ನು ರೇಗಿಸದ ದಿನವಿಲ್ಲ. "ನಿನ್ ಕೆಂಪು ಕೊಪ್ಪರಿಗೆ ನಂಗೆ ಹೇಳ್ತಿತ್ತು ಮಾರಾಯ, ಬಿಳೀದಕ್ಕಿಂತ ನಾನೇ ಜಾಸ್ತಿ ದುಡೀತೀನಿ, ಆದ್ರೂ ರೈಟ್ರು ನನ್ನ ಮನೆಗೆ ಕರೆಯಲ್ಲ ಅಂತ." ಅವನು ಹೇಳಿದ್ದು ನಿಜ. ಒಂದೇ ಮನೆಯವರು ಸೋಮವಾರ ಬಿಳೀ ಸೆಟ್ಟು, ಬುಧವಾರ ಕೆಂಪು ಸೆಟ್ಟು ಒಯ್ಯುತ್ತಿದ್ದರು.

ಎಲ್ಲರೂ ಒಪ್ಪಿದರು, ಅವ್ವ ಒಬ್ಬಳನ್ನು ಬಿಟ್ಟು. ಟ್ರೈಲರ್ ಬಂದು ಅಂಗಳದಲ್ಲಿ ನಿಂತ ದಿನವೇ ಅವಳು ಜಗಲಿಯ ಮೇಲಿಂದ ಅಂದಳು: "ಇದು ಪಾತ್ರೆ ಕೊಡೋ ಮನೆ ಕಣೋ. ಮಾರೋ ಮನೆ ಅಲ್ಲ."

"ಮಾರ್ತಿಲ್ಲ ಕಣವ್ವ, ಬಾಡಿಗೆ."

"ಮಾರಿದ್ರೆ ಮರ್ಯಾದೆ ಒಂದ್ಸಲ ಹೋಯ್ತದೆ. ಬಾಡಿಗೆಗೆ ಬುಟ್ರೆ ದಿನಾ ಹೋಯ್ತದೆ."

ಅಷ್ಟಕ್ಕೇ ಮುಗಿದಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ಬಿಳೀ ಸೆಟ್ಟು ಹೋದ ಮೊದಲ ಮದುವೆಗೆ ಅವ್ವನೂ ಬಂದಳು. ಹೆಣ್ಣಿಗೆ ಅಕ್ಷತೆ ಹಾಕಿದಳು, ಸೆರಗಿನ ಗಂಟಿನಿಂದ ಬಿಚ್ಚಿ ಉಡುಗೊರೆ ಕೊಟ್ಟಳು, ಹೆಂಗಸರ ಜೊತೆ ಕೂತು ಸೋಬಾನೆಯನ್ನೂ ಹೇಳಿದಳು. ಊಟಕ್ಕೆ ಎಬ್ಬಿಸಲು ಬಂದರೆ, "ಇವತ್ತು ಹೊಟ್ಟೆ ಸರಿಗಿಲ್ಲ ಕಣವ್ವ" ಅಂದು ಮನೆಗೆ ಹೊರಟುಬಂದಳು. ನಾನು ಮನೆಗೆ ಬಂದು ನೋಡಿದರೆ, ಸರಿಯಿಲ್ಲದ ಹೊಟ್ಟೆಗೆ ಮುದ್ದೆ ಉಪ್ಪುಸಾರು ಹಾಕಿಕೊಂಡು ಗಡದ್ದಾಗಿ ಉಣ್ಣುತ್ತಿದ್ದಾಳೆ. ಕೇಳಿದೆ. ಅವಳು ಮುದ್ದೆ ಮುರಿಯುತ್ತಲೇ ಹೇಳಿದಳು: "ಮದ್ವೆ ಮನೆಯೋರತ್ರ ಒಂದು ಕೈಲಿ ಬಾಡಿಗೆ ಇಸ್ಕಂಡು, ಇನ್ನೊಂದು ಕೈಲಿ ಅವ್ರ ಎಲೆ ಮೇಲೆ ಉಣ್ಲಾ? ನನ್ ಕೈಲಾಗಲ್ಲ."

ಅವತ್ತಿಂದ ಶುರುವಾಯಿತು. ನಮ್ಮ ಪಾತ್ರೆ ಹೋದ ಯಾವ ಮದುವೆಯಲ್ಲೂ ಅವ್ವ ಉಣ್ಣುತ್ತಿರಲಿಲ್ಲ. ಹೋಗುವುದನ್ನು ಬಿಡಲಿಲ್ಲ, ಅದೇ ಕಷ್ಟ. ಹೋಗಿ, ಹರಸಿ, ಹಾಡಿ, ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದಳು. ನಮ್ಮ ವ್ಯಾಪಾರ ಎಷ್ಟು ಬೆಳೆಯಿತು ಅಂತ ಯಾರಾದರೂ ಕೇಳಿದರೆ ನಾನು ಅದನ್ನು ಅವ್ವ ಬಿಟ್ಟ ಊಟದ ಲೆಕ್ಕದಲ್ಲೇ ಹೇಳಬೇಕಿತ್ತು. ಫೆಬ್ರವರಿಯಲ್ಲಿ ಅಲ್ಲೊಂದು ಇಲ್ಲೊಂದು ಊಟ ತಪ್ಪುತ್ತಿತ್ತು. ಮಾರ್ಚಿ ಹೊತ್ತಿಗೆ ವಾರವಾರವೂ ತಪ್ಪತೊಡಗಿತು. ಒಬ್ಬಟ್ಟು ಅಂದರೆ ಪ್ರಾಣ ಬಿಡುವ ನಮ್ಮವ್ವ ಒಂದಿಡೀ ಸುಗ್ಗಿ ಒಬ್ಬಟ್ಟಿನ ವಾಸನೆ ಮಾತ್ರ ಕುಡಿದು ಬಂದಳು.

ತನಗೆ ಕೋಪ ಬಾಡಿಗೆಯ ಮೇಲೆ ಅಂತ ಅವ್ವ ಹೇಳುತ್ತಿದ್ದಳು. ಆದರೆ ಇನ್ನೊಂದೂ ಇತ್ತು, ನನಗೆ ಕಾಣುತ್ತಿತ್ತು. ಎಲೆ ಅಡಿಕೆ ಹಿಡಿದುಕೊಂಡು ಬರುವವರು ಈಗಲೂ ನಮ್ಮ ಮನೆಗೇ ಬರುತ್ತಿದ್ದರು, ಆದರೆ ಜಗಲಿಯಲ್ಲಿ ಅವ್ವನ ಮುಂದೆ ಕೂರುತ್ತಿರಲಿಲ್ಲ. "ರೈಟ್ರು ಅವ್ರಾ? ಹದಿನೆಂಟಕ್ಕೆ ಸೆಟ್ ಖಾಲಿ ಐತಾ?" ಅಂತ ನಿಂತಲ್ಲೇ ಕೇಳಿ ಹೋಗಿಬಿಡುತ್ತಿದ್ದರು. ಯಾರ ಮನೆಗೆ ಯಾವ ಊರಿನ ಗಂಡು ಅಂತ ಅವ್ವನಿಗೆ ಗೊತ್ತಾಗುವುದೇ ನಿಂತುಹೋಯಿತು. ಅವಳ ಎರಡು ಕೊಪ್ಪರಿಗೆ ಅಟ್ಟದ ಮೇಲೆ ಹಾಗೇ ಇದ್ದವು. ಅವನ್ನು ಬಾಡಿಗೆಗೆ ಕೇಳುವ ಧೈರ್ಯ ನನಗಿರಲಿಲ್ಲ. ಮೊದಲಿನಂತೆ ಬಾಡಿಗೆಯಿಲ್ಲದೆ ಕೇಳುವ ಅಗತ್ಯ ಊರಿಗಿರಲಿಲ್ಲ.

ಸುಮಿತ್ರ ಒಮ್ಮೆ ಬಾಯಿಬಿಟ್ಟೇ ಕೇಳಿದಳು: "ಅತ್ತೆ, ಹಿಂಗೆ ಉಣ್ದೆ ಬಂದ್ರೆ ಜನ ಏನಂತಾರೆ?"

"ವಯ್ಸಾಯ್ತು ಅಂತಾರೆ. ಆಗೈತಲ್ಲ" ಅಂದಳು ಅವ್ವ.

ಇಷ್ಟಿದ್ದರೂ ಆ ಬೇಸಿಗೆ ನನಗೆ ಖುಷಿಯ ಬೇಸಿಗೆಯೇ. ಮೈ ಮುರಿಯುವಷ್ಟು ಕೆಲಸ, ಆದರೆ ನಮ್ಮ ಕೆಲಸ. ಬೆಳಿಗ್ಗೆ ಮಸ್ಟರು ಕೂಗಿ, ಕಾಫಿ ಗಿಡದ ರೆಂಬೆ ಕತ್ತರಿಸುವ ಕಸಿ ಕೆಲಸಕ್ಕೆ ಆಳು ಹಚ್ಚಿ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಹತ್ತಿರದ ಊರಿಗೆ ಮೊಪೆಡ್ ಓಡಿಸಿ ಶಾಮಿಯಾನದ ಗೂಟ ಸರಿಯಾಗಿ ಹೊಡೆದಿದ್ದಾರಾ ನೋಡಿ, ಎರಡು ಗಂಟೆಗೆ ಮತ್ತೆ ತೋಟದಲ್ಲಿ ಹಾಜರು. ಲೈನಿನ ಹೆಂಗಸರು ನನಗೆ "ಪಾತ್ರೆ ರೈಟ್ರು" ಅಂತ ಹೆಸರಿಟ್ಟರು. ಮದುವೆ ಮನೆಗಳಿಂದ ವಾಪಸ್ ಬಂದ ಕೊಪ್ಪರಿಗೆಗಳ ತಳದಲ್ಲಿ ಒಂದು ಅಚ್ಚು ಬೆಲ್ಲವೋ, ಹಿಡಿ ಅಕ್ಕಿಯೋ ಇರುತ್ತಿತ್ತು. ಇಸಕೊಂಡ ಪಾತ್ರೆಯನ್ನು ಖಾಲಿ ಹಿಂತಿರುಗಿಸಬಾರದು ಅನ್ನುವ ರೂಢಿ, ಬಾಡಿಗೆ ಕೊಟ್ಟಮೇಲೂ ಬಿಡಲಿಲ್ಲ ಜನ. ಆ ಬೆಲ್ಲವನ್ನು ಅವ್ವ ಮಾತಾಡದೆ ಎತ್ತಿ ಡಬ್ಬಿಗೆ ಹಾಕಿಕೊಳ್ಳುತ್ತಿದ್ದಳು. ಅದರಲ್ಲಿ ಕಾಸಿದ ಕಾಫಿಯನ್ನು ಕುಡಿಯುವುದಕ್ಕೆ ಅವಳಿಗೆ ಅಡ್ಡಿ ಇರಲಿಲ್ಲ. ನಾನು ಅದನ್ನು ಎತ್ತಿ ಆಡಲೂ ಇಲ್ಲ.

ಹೂಮಳೆ ಬಂದದ್ದೂ ಒಂದು ಮದುವೆಯ ದಿನವೇ. ಕಾಫಿ ಮೊಗ್ಗು ಅರಳಬೇಕಾದರೆ ಬೇಸಿಗೆಯಲ್ಲಿ ಒಂದು ಹದವಾದ ಮಳೆ ಬೇಕು, ಅದಕ್ಕಾಗಿ ಇಡೀ ಸೀಮೆ ಆಕಾಶ ನೋಡಿಕೊಂಡಿತ್ತು. ಮುಹೂರ್ತ ಮುಗಿದು ಪಾಯಸ ಬಡಿಸುತ್ತಿದ್ದಂತೆ ಪಡುವಲಿಂದ ಗುಡುಗಿ ಸುರಿಯಿತು. ನಮ್ಮ ಶಾಮಿಯಾನ ಹೊಟ್ಟೆ ಬಿಟ್ಟುಕೊಂಡು ಜೋತು, ಒಂದು ಮೂಲೆಯಿಂದ ಸೀದಾ ಬೀಗರ ತಲೆಯ ಮೇಲೆ ನೀರು ಬಿಟ್ಟಿತು. ನನ್ನ ಜೀವ ಬಾಯಿಗೆ ಬಂತು. ನೋಡಿದರೆ ಯಾರೂ ಬೈಯಲಿಲ್ಲ! ಹೆಣ್ಣಿನ ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಅಂಗಳದಲ್ಲಿ ನಿಂತು ನೆನೆಯುತ್ತಾ, "ಬರ್ಲಿ ಬರ್ಲಿ, ಇನ್ನೊಂದಿಪ್ಪತ್ತು ಸೆಂಟ್ ಬರ್ಲಿ" ಅಂತ ಕೂಗುತ್ತಿದ್ದ. ತೋಟದವರ ಲೆಕ್ಕದಲ್ಲಿ ನೂರು ಸೆಂಟಿಗೆ ಒಂದಿಂಚು ಮಳೆ. ಬೀಗರೂ ಕಾಫಿಯವರೇ, ನೆಂದ ಪೇಟ ಹಿಂಡಿಕೊಂಡು ನಗುತ್ತಿದ್ದರು. ನಾನು ಎಸ್ಟೇಟಿಗೆ ಓಡಿದೆ, ಮಳೆ ಅಳೆದು ಸಾಹುಕಾರರಿಗೆ ಹೇಳಬೇಕಿತ್ತು. ಎಂಟೊಂಬತ್ತು ದಿನಕ್ಕೆ ಗುಡ್ಡಗುಡ್ಡವೇ ಬೆಳ್ಳಗಾಗಿ, ಆ ಹೂವಿನ ಗಮ ಮನೆಯೊಳಗಿನ ಹಾಸಿಗೆಗೂ ಹಿಡಿಯಿತು. ಒಳ್ಳೇ ಫಸಲು ಅಂದರೆ ಮುಂದಿನ ವರ್ಷ ಇನ್ನೂ ಮದುವೆಗಳು. ಸುಮಿತ್ರ ಆಗಲೇ ಎರಡನೇ ಶಾಮಿಯಾನದ ಮಾತೆತ್ತಿದಳು.

ಏಪ್ರಿಲ್ ಕೊನೆಯಲ್ಲಿ ಪಕ್ಕದ ಊರಿನ ರುದ್ರಣ್ಣನ ಮಗಳ ಮದುವೆ. ರುದ್ರಣ್ಣ ನಮ್ಮವರೇ, ದಿನಸಿ ಅಂಗಡಿ ಇಟ್ಟುಕೊಂಡಿದ್ದ ಮೆದು ಮನುಷ್ಯ. ಗಂಡು ಆಲೂರು ಕಡೆಯವನು, ದೊಡ್ಡ ಮನೆತನ, ಬಹಳ ಮಡಿವಂತರು. ಆ ಸಂಬಂಧ ಕೂಡಿಬರಲು ರುದ್ರಣ್ಣ ಎರಡು ವರ್ಷ ಓಡಾಡಿದ್ದ. ಮನೆ ಮುಂದಿನ ಕಣದಲ್ಲೇ ಚಪ್ಪರ, ನಮ್ಮದೇ ಶಾಮಿಯಾನ, ನಮ್ಮದೇ ಬಿಳೀ ಸೆಟ್ಟು. ಅವತ್ತು ಭಾನುವಾರವಾದ್ದರಿಂದ ನಾನೂ ಬೆಳಿಗ್ಗೆಯಿಂದ ಅಲ್ಲೇ ಇದ್ದೆ. ಅವ್ವನೂ ಬಂದಿದ್ದಳು, ಹೆಂಗಸರ ಕಡೆ ಕೂತು ಹೆಣ್ಣಿನ ಜಡೆ ತಿದ್ದುತ್ತಿದ್ದಳು. ಆ ಹುಡುಗಿ ಸಣ್ಣವಳಿದ್ದಾಗಿನಿಂದ ಅವಳಿಗೆ ಅಚ್ಚುಮೆಚ್ಚು.

ಧಾರೆ ಚೆಂದವಾಗಿ ಆಯಿತು. ಮೊದಲ ಪಂಕ್ತಿಗೆ ಬೀಗರು ಕೂತರು. ಎಲೆ ಹಾಕಿ, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಡಿಸಿ ಅನ್ನವನ್ನೂ ಇಟ್ಟಾಗಿತ್ತು. ಅಷ್ಟರಲ್ಲಿ ಗಂಡಿನ ಕಡೆಯ ಹೆಂಗಸೊಬ್ಬಳು ಅವ್ವನ ಕೈ ಹಿಡಿದು, "ಬನ್ನಿ ಅಜ್ಜಿ, ನಮ್ ಜೊತೇಲೇ ಕೂತ್ಕಳಿ" ಅಂದಳು. ಅವ್ವ ಎಂದಿನ ಹೊಟ್ಟೆನೋವಿನ ಮಾತು ಹೇಳಿದಳು. ಆಕೆ ಬಿಡಲಿಲ್ಲ. ಆಗ ನಮ್ಮೂರಿನವಳೇ ಒಬ್ಬಳು, ಅವ್ವನನ್ನು ಪಾರು ಮಾಡೋಣ ಅಂತ ಒಳ್ಳೇ ಮನಸ್ಸಿನಿಂದಲೇ, "ಬುಡ್ರಕ್ಕ, ಆಯಮ್ಮ ಮಗನ ಪಾತ್ರೇಲಿ ಬೇಯ್ಸಿದ್ದು ಉಣ್ಣಲ್ಲ" ಅಂದುಬಿಟ್ಟಳು.

ಆ ಮಾತು ಹೆಂಗಸರ ಕಡೆಯಿಂದ ಗಂಡಸರ ಪಂಕ್ತಿಗೆ ಬರಲು ಎಷ್ಟು ಹೊತ್ತು ಬೇಕು? ಗಂಡಿನ ದೊಡ್ಡಪ್ಪ, ಬಿಳೀ ರುಮಾಲಿನ ಎತ್ತರದ ಮನುಷ್ಯ, ಅನ್ನಕ್ಕೆ ಇನ್ನೇನು ಕೈ ಹಾಕುವವರು ಕೈ ಹಿಂದಕ್ಕೆ ತೆಗೆದುಕೊಂಡರು. ನನ್ನನ್ನು ಕರೆಸಿದರು.

"ಪಾತ್ರೆ ನಿಮ್ದೇನಪ್ಪ?"

"ಹೌದು, ನಮ್ದೇ."

"ಗೌಡ್ರ ಮನೆ ಬೀಗರ ಊಟಕ್ಕೂ ನೀವೇ ಕೊಡ್ತೀರಂತೆ?"

"ಅದಕ್ಕೆ ಬೇರೆ ಸೆಟ್ ಐತೆ. ಅದು ಕೆಂಪು ಬಣ್ಣದ್ದು. ಇದು ನೋಡಿ, ಬಿಳಿ" ಅಂತ ಓಡಿಹೋಗಿ ಒಂದು ಬಕೆಟ್ಟಿನ ಕಿವಿ ತೋರಿಸಿದೆ.

"ಬಣ್ಣ ಯಾರು ಬೇಕಾದ್ರೂ ಬಳೀಬಹುದು. ನಿಮ್ಮ ತಾಯಿ ಈ ಪಾತ್ರೇಲಿ ಯಾಕೆ ಉಣ್ಣಲ್ಲ, ಅದನ್ನ ಹೇಳಿ."

ನಿಜ ನಾಲಿಗೆಯ ತುದಿಯಲ್ಲಿತ್ತು. ನಾನು ಬಾಡಿಗೆ ತಗೊಳ್ಳುತ್ತೇನೆ ಅನ್ನುವ ಕಾರಣಕ್ಕೆ ನಮ್ಮವ್ವ ಉಣ್ಣುವುದಿಲ್ಲ. ಹೇಳಿದೆ ಕೂಡ. ಹೇಳಿದಾಗ ನನಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಬಾಡಿಗೆ ದುಡ್ಡು ತಿನ್ನುವ ಮನೆಯಲ್ಲಿದ್ದುಕೊಂಡು ಬಾಡಿಗೆ ಪಾತ್ರೆಯ ಅನ್ನ ತಿನ್ನದ ತಾಯಿ ಇರುತ್ತಾಳೆಂದು ಯಾರು ನಂಬುತ್ತಾರೆ? ದೊಡ್ಡಪ್ಪ ಪಕ್ಕದವರ ಮುಖ ನೋಡಿ ಎದ್ದುನಿಂತರು. ಅವರ ಜೊತೆಯಲ್ಲಿ ಕೂತಿದ್ದ ಹಿರಿಯರು ಒಬ್ಬೊಬ್ಬರೇ ಎಲೆಯ ಮುಂದಿನಿಂದ ಎದ್ದರು. ನಮ್ಮೂರಿನವರೇ ಇಬ್ಬರು, ಮೂರು ತಿಂಗಳಿಂದ ಅದೇ ಪಾತ್ರೆಯ ಊಟ ಉಂಡವರು, ಈಗ ಕೊಪ್ಪರಿಗೆಯ ಕಡೆ ಓರೆಗಣ್ಣಲ್ಲಿ ನೋಡತೊಡಗಿದರು.

ಲೋಕೇಶ ನನ್ನ ಸಹಾಯಕ್ಕೆ ಬಂದ. ಬರಬಾರದಿತ್ತು. "ಸ್ವಾಮಿ, ಹಂದಿ ಬೇಯ್ಸಿದ್ದೆಲ್ಲ ನಮ್ಮನೇಲಿ ಐತೆ! ಬೇಕಾದ್ರೆ ಜೀಪಲ್ಲಿ ಕರ್ಕಂಡ್ ಹೋಗಿ ತೋರಿಸ್ತೀನಿ ಬನ್ನಿ" ಅಂತ ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಿದ. ಹಂದಿ ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ಇನ್ನೂ ಹತ್ತು ಜನ ಎದ್ದರು.

ರುದ್ರಣ್ಣ ಕೈಮುಗಿದುಕೊಂಡು ಅವರಿವರ ಮುಂದೆ ನಿಲ್ಲುತ್ತಿದ್ದ. ಧಾರೆಯಾದ ಹೆಣ್ಣು ಮಂಟಪದ ಮೇಲೆ ಗಂಡಿನ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಬೀಗರು ಉಣ್ಣದೆ ಹೋದರೆ ಆ ಮಾತು ಅವಳ ಹಿಂದೆಯೇ ಗಂಡನ ಮನೆಗೆ ಹೋಗುತ್ತದೆ, ಅವಳು ಮುದುಕಿಯಾಗುವವರೆಗೂ ಅಲ್ಲಿ ಯಾರಾದರೂ ಒಬ್ಬರು ಅದನ್ನು ಎತ್ತಿ ಆಡುತ್ತಾರೆ. ನಮ್ಮ ವ್ಯಾಪಾರದ ಕಥೆ ಅಲ್ಲಿಗೆ ಮುಗಿಯಿತು ಅಂತ ನನಗೂ ಗೊತ್ತಾಗಿತ್ತು. ಆದರೆ ಆಣೆ ಮಾಡಿ ಹೇಳುತ್ತೇನೆ, ಆ ಗಳಿಗೆಯಲ್ಲಿ ನನ್ನ ಕಣ್ಣಿದ್ದದ್ದು ಆ ಹುಡುಗಿಯ ಮೇಲೆ.

ಅಷ್ಟರಲ್ಲಿ ಹೆಂಗಸರ ಗುಂಪು ಸರಿದು ದಾರಿಯಾಯಿತು. ಅವ್ವ ಬರುತ್ತಿದ್ದಳು. ಮಂಡಿನೋವಿನ ಕಾಲು, ನಿಧಾನವಾಗಿಯೇ ಬಂದಳು. ಯಾರನ್ನೂ ಮಾತಾಡಿಸಲಿಲ್ಲ. ಗಂಡಸರ ಪಂಕ್ತಿ, ಬೀಗರ ಪಂಕ್ತಿ ಅನ್ನುವುದನ್ನೂ ನೋಡಲಿಲ್ಲ. ಗಂಡಿನ ದೊಡ್ಡಪ್ಪ ಎದ್ದುನಿಂತಿದ್ದ ಜಾಗದ ಪಕ್ಕದ ಎಲೆಯ ಮುಂದೆ, ನೆಲಕ್ಕೆ ಕೈಯೂರಿ, ಉಸ್ಸೆಂದು ಕೂತಳು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಆಮೇಲೆ ತಲೆ ಎತ್ತಿ, "ಸಾರು ಬಡ್ಸ್ರಪ್ಪ" ಅಂದಳು.

ಬಡಿಸುವವನು ನನ್ನ ಮುಖ ನೋಡಿದ. "ಅವ್ನ ಮಕ ಯಾಕ್ ನೋಡೀಯ, ಎಲೆ ನೋಡ್ಕಂಡು ಬಡ್ಸು" ಅಂದಳು ಅವ್ವ.

ಅವ್ವ ಅನ್ನ ಕಲಸಿದಳು. ಉಂಡಳು. ಚಪ್ಪರದಡಿಯಲ್ಲಿದ್ದ ಅಷ್ಟೂ ಜನ ಅವಳ ಬಾಯಿಯನ್ನೇ ನೋಡುತ್ತಿದ್ದರು. ಮೂರು ನಾಲ್ಕು ತುತ್ತಾದ ಮೇಲೆ ಅವಳು ಪಕ್ಕದಲ್ಲಿ ನಿಂತೇ ಇದ್ದ ದೊಡ್ಡಪ್ಪನ ಕಡೆ ತಿರುಗಿ, "ಕೂತ್ಕಳಿ ಯಜಮಾನ್ರೇ, ಅನ್ನ ಆರ್ತಾ ಐತೆ. ನನ್ ಮಗ ಹೇಳಿದ್ದು ದಿಟ. ನಾನು ಬಿಟ್ಟಿದ್ದು ಬಾಡಿಗೆ ನಾಚ್ಕೆಗೆ. ಪಾತ್ರೆ ಮೈಲಿಗೆ ಆಗಿದ್ರೆ ಲಿಂಗ ಮುಟ್ಕಂಡು ಉಣ್ತಿದ್ನಾ?" ಅಂದಳು.

ಆ ಹಿರಿಯರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಅವ್ವನ ಪಕ್ಕ ಕೂತರು. ಕೂತವರೇ, "ನನಗೂ ಸಾರು ಬಿಡಪ್ಪ" ಅಂದರು. ಅವರು ಕೂತರೆ ಉಳಿದವರಿಗೇನು? ಪಂಕ್ತಿ ತುಂಬಿತು. ಯಾರೋ ಉಪ್ಪು ಕೇಳಿದರು, ಯಾರೋ ಹಪ್ಪಳ ಮುರಿದರು, ಮದುವೆಮನೆಗೆ ಮತ್ತೆ ಸದ್ದು ಬಂತು. ಬಾಯಿ ಬಿಟ್ಟುಕೊಂಡು ನಿಂತಿದ್ದ ಬ್ಯಾಂಡಿನವರೂ ತುತ್ತೂರಿ ಎತ್ತಿಕೊಂಡರು. ನಾನು ಜೀಪಿನ ಹಿಂದಕ್ಕೆ ಹೋಗಿ ಅತ್ತೆ. ಸುಮಿತ್ರ ಬಂದು, "ಒಬ್ಬಟ್ಟು ಸಾಲ್ತದಾ ನೋಡಿ, ಆಮೇಲೆ ಅಳೀರಂತೆ" ಅಂತ ಕಣ್ಣೊರೆಸಿಕೊಳ್ಳಲು ತನ್ನ ಸೆರಗು ಕೊಟ್ಟಳು. ಅದು ಆಗಲೇ ಒದ್ದೆಯಾಗಿತ್ತು.

ಅವ್ವ ಎಲೆ ಬಿಟ್ಟು ಏಳಲು ಬಹಳ ಹೊತ್ತು ಹಿಡಿಯಿತು. ಒಬ್ಬಟ್ಟು ಬಂದಾಗ ಒಂದು ಸಲವೂ ಬೇಡ ಅನ್ನಲಿಲ್ಲ. ತುಪ್ಪದವನನ್ನು ವಾಪಸ್ ಕರೆದಳು. ಕೊನ್ಕೊನೆಗೆ ದೊಡ್ಡಪ್ಪನೂ ಅವಳೂ ತೊಗರಿಬೇಳೆ ಒಬ್ಬಟ್ಟು ಚೆನ್ನವೋ ಕಡಲೆಬೇಳೆಯದೋ ಅಂತ ವಾದಕ್ಕೆ ಬಿದ್ದಿದ್ದರು. ಗಂಡಿನ ಮನೆಯಲ್ಲಿ ಅತ್ತಿಗೆ ನಾದಿನಿಯರು ಎಷ್ಟು ಜನ, ನೀರಿನ ಬಾವಿ ಎಷ್ಟು ದೂರ ಅನ್ನುವುದನ್ನೆಲ್ಲ ಅವ್ವ ಆ ಒಂದೇ ಊಟದಲ್ಲಿ ತಿಳಿದುಕೊಂಡಿದ್ದಳು.

ಸಂಜೆ ಪಾತ್ರೆ ತೊಳೆದು ಟ್ರೈಲರಿಗೆ ತುಂಬಿದೆವು. ಅವ್ವನ ಮಂಡಿನೋವು ಜೋರಾಗಿದ್ದರಿಂದ ಲೋಕೇಶ ಅವಳನ್ನು ಎತ್ತಿ ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿದ್ದ. ಅವನು ಸ್ಟೀರಿಂಗ್ ಹಿಡಿದುಕೊಂಡು, "ಗೌರಮ್ಮಜ್ಜಿ, ಇವತ್ತು ನಾನು ಬಾಯಿ ಮುಚ್ಕಂಡಿರ್ಬೇಕಿತ್ತು" ಅಂತ ಪೇಚಾಡುತ್ತಿದ್ದ. "ಇವತ್ತೇನು, ಯಾವತ್ತೂ" ಅನ್ನುತ್ತಿದ್ದಳು ಅವ್ವ.

ಹೆಣ್ಣನ್ನು ಕಳಿಸಿಕೊಟ್ಟು ಕಣ್ಣು ಕೆಂಪು ಮಾಡಿಕೊಂಡಿದ್ದ ರುದ್ರಣ್ಣ ಬಾಡಿಗೆ ತಂದು ನನ್ನ ಕೈಗೆ ಇಡಲು ಬಂದ. ನಾನು ಕೈ ಹಿಂದಕ್ಕೆ ತೆಗೆದೆ. "ಬೇಡ ರುದ್ರಣ್ಣ, ನಮ್ ದೆಸೆಯಿಂದ ನಿನಗೆ ಅಷ್ಟು ಜನರ ಮುಂದೆ ಹಂಗಾಯ್ತು. ಈ ಸಲ ಬಾಡಿಗೆ ಬೇಡ" ಅಂದೆ. ಅವನೂ ಬಿಡುವವನಲ್ಲ, ನಾನೂ ತಗೊಳ್ಳುವವನಲ್ಲ. ಅವ್ವ ಇಷ್ಟು ದಿನ ಬೇಕು ಅಂದದ್ದು ಇದೇ ತಾನೆ, ಅವಳಿಗೂ ಸಂತೋಷವಾಗಲಿ ಅನ್ನುವ ಆಸೆಯೂ ನನಗಿತ್ತು. ಅದಕ್ಕೇ ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಬೇಡ ಬೇಡ ಅನ್ನುತ್ತಿದ್ದೆ.

ಜೀಪಿನ ಒಳಗಿಂದ ಅವ್ವನ ದನಿ ಬಂತು.

"ಲೇ ಮಲ್ಲೇಶ, ಇಸ್ಕಳೋ. ಪೂರ್ತಿ ಇಸ್ಕ. ಇವತ್ತು ಬಾಡಿಗೆ ಬುಟ್ರೆ, ಪಾತ್ರೇಲಿ ಏನೋ ಇತ್ತು ಅಂತ ನಾವೇ ಒಪ್ಕಂಡಂಗೆ ಆಯ್ತದೆ."

ನಾನು ಕೈ ಮುಂದೆ ಚಾಚಿದೆ. ರುದ್ರಣ್ಣ ಕೊಟ್ಟ. ಲೋಕೇಶ ಜೀಪು ಸ್ಟಾರ್ಟ್ ಮಾಡಿದ.